ಹಳೆಯ ಪಹಣಿಗಳಲ್ಲಿ ನಮ್ಮ ಮನೆತನ

ನಾನು ಸೇವೆಯಿಂದ ನಿವೃತ್ತನಾದ ಮರುವರ್ಷ ನಮ್ಮ ಕಾಕಾ ತೀರಿಕೊಂಡರು. ಅವರ ಹೆಸರಿನಲ್ಲಿದ್ದ ನಾಲ್ಕು ಎಕರೆ ಹೊಲಕ್ಕೆ ಪೌತಿ ಖಾತೆ ಮಾಡಿಸಬೇಕಾಗಿತ್ತು. ಅದಕ್ಕೆ ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷವೂ ಬೇಕು. "ಅಣ್ಣಾ, ನೀವು ಇತಿಹಾಸ ಕಲಿಸಿದವರು. ನಮ್ಮ ಮನಿ ಇತಿಹಾಸ ನಿಮಗ ಬಿಟ್ಟು ಮತ್ಯಾರಿಗಿ ಗೊತ್ತಿರ್ತದ? ನೀವೇ ಬರದು ಕೊಡ್ರಿ" ಎಂದು ಕಾಕಾನ ಹಿರಿಯ ಮಗ ಒಂದು ಖಾಲಿ ಹಾಳೆಯನ್ನು ನನ್ನ ಮುಂದಿಟ್ಟ.

ಸೇಡಂ ಮತ್ತು ಚಿತ್ತಾಪುರ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಮಗೆ ನೆರೆಯೂರು. ದಂತಿದುರ್ಗನಿಂದ ಎರಡನೆಯ ಕರ್ಕನವರೆಗಿನ ಅರಸರ ಹೆಸರುಗಳನ್ನು ಎಷ್ಟೋ ತಂಡಗಳ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಹನ್ನೆರಡನೆಯ ಶತಮಾನದ ಶಾಸನಗಳು ಸೇಡಂ ಊರನ್ನು 'ಸೇಡಿಂಬ' ಎಂದು ಕರೆದಿವೆ ಎಂದು ಹೆಮ್ಮೆಯಿಂದ ಹೇಳಿದ್ದೇನೆ. ಅಂಥವನು ಆ ಹಾಳೆಯಲ್ಲಿ ಅಪ್ಪನ ಹೆಸರು ಬರೆದೆ, ಮುತ್ಯಾನ ಹೆಸರು ಬರೆದೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ. ಮುತ್ಯಾನ ತಂದೆಯ ಹೆಸರಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಅಮೋಘವರ್ಷನ ತಂದೆ ಯಾರೆಂದು ಬಲ್ಲ ನನಗೆ ನನ್ನ ಮುತ್ಯಾನ ತಂದೆ ಯಾರೆಂದು ತಿಳಿದಿರಲಿಲ್ಲ. ಆ ದಿನ ನನಗಾದ ನಾಚಿಕೆಯೇ ಈ ಲೇಖನಕ್ಕೆ ಮೂಲ.

ಮನೆಯಲ್ಲಿ ಇತಿಹಾಸ ಇರಲಿಲ್ಲವೆಂದಲ್ಲ, ಒಂದು ಕಥೆ ಇತ್ತು. ಕಾಗಿಣಾ ನದಿಯ ದಂಡೆಯಲ್ಲಿ ನಮಗೆ ಹದಿನೆಂಟು ಎಕರೆ ಎರೆಹೊಲವಿತ್ತಂತೆ. ನಿಜಾಮನ ಕಾಲದಲ್ಲಿ ಬರವಣಿಗೆಯೆಲ್ಲ ಉರ್ದುವಿನಲ್ಲಿ. ಮುತ್ಯಾನಿಗೆ ಅಕ್ಷರ ಬಾರದು. ಊರ ಪಟವಾರಿ ಸುಳ್ಳು ಬರೆದು, ಮುತ್ಯಾನಿಗೆ ತಿಳಿಯದಂತೆ ಆ ಹೊಲವನ್ನು ತನ್ನ ಹೆಸರಿಗೆ ಮಾಡಿಕೊಂಡನಂತೆ. ಅಪ್ಪ ಈ ಕಥೆಯನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು. ಎರಡು ತಲೆಮಾರು ನಮ್ಮ ಮನೆಯವರು ಪಟವಾರಿ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವರ ಮನೆಯ ಮದುವೆ ಊಟಕ್ಕೆ ಕರೆ ಬಂದರೂ ಹೋಗಲಿಲ್ಲ. ನಾನೂ ಹೋಗಿಲ್ಲ. ವಂಶವೃಕ್ಷ ಬರೆಯುವ ನೆಪದಲ್ಲಿ ಆ ಹೊಲದ ಸತ್ಯವನ್ನೂ ಒಮ್ಮೆ ನೋಡಿಬಿಡೋಣ ಎಂದುಕೊಂಡೆ.

ಇಂಗ್ಲೆಂಡಿನಲ್ಲಿ ಮನೆತನದ ಇತಿಹಾಸ ಹುಡುಕುವುದು ನಿವೃತ್ತರ ಒಂದು ಹವ್ಯಾಸವೇ ಆಗಿದೆ. ಅಲ್ಲಿ 1538ರಿಂದಲೇ ಪ್ರತಿ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲಿಸಬೇಕೆಂಬ ಆಜ್ಞೆ ಇತ್ತು. ಜನಗಣತಿಯ ಹಾಳೆಗಳನ್ನು ನೂರು ವರ್ಷಗಳ ನಂತರ ಜನರಿಗೆ ತೆರೆದಿಡುತ್ತಾರೆ. 1921ರ ಗಣತಿ 2022ರಲ್ಲಿ ಹೊರಬಂದಿತು. ನಮ್ಮಲ್ಲಿ ಹಾಗಿಲ್ಲ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ದೇಶದಾದ್ಯಂತ ಗಣತಿ ನಡೆದುಬಂದಿದ್ದರೂ ಉಳಿದಿರುವುದು ಅಂಕಿಗಳು ಮಾತ್ರ. 1948ರ ಜನಗಣತಿ ಕಾಯ್ದೆಯಂತೆ ಗಣತಿಯ ಪುಸ್ತಕಗಳನ್ನು ಖಾಸಗಿಯವರು ನೋಡುವಂತಿಲ್ಲ. ಜನನ ಮರಣ ನೋಂದಣಿಯ ಈಗಿನ ಕಾಯ್ದೆಯೇ 1969ರದು. ಹಾಗಾದರೆ ನಮ್ಮಂಥ ಒಕ್ಕಲು ಮನೆತನದವರ ಹೆಸರು ಎಲ್ಲಿ ಸಿಗುತ್ತದೆ? ಕಂದಾಯ ಕಟ್ಟಿದ ಕಡೆ ಸಿಗುತ್ತದೆ. ಸರ್ಕಾರ ನಮ್ಮ ಹಿರಿಯರ ಹೆಸರನ್ನು ಬರೆದಿಟ್ಟದ್ದು ಅವರ ಮೇಲಿನ ಪ್ರೀತಿಯಿಂದಲ್ಲ, ತೆರಿಗೆಯ ಮೇಲಿನ ಪ್ರೀತಿಯಿಂದ.

ಮೊದಲು ಈಗಿನ ಪಹಣಿ ತೆಗೆಸಿದೆ. 2000ದ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲೆ ಇದು ನಿಮಿಷಗಳ ಕೆಲಸ. ಆದರೆ ಗಣಕಯಂತ್ರದ ನೆನಪು ಅಲ್ಲಿಂದ ಈಚಿನದು ಮಾತ್ರ. ಅದರ ಹಿಂದಿನ ಕೈಬರಹದ ಪಹಣಿಗಳಿಗೆ, ಖಾತೆ ಬದಲಾವಣೆಯ ಪುಸ್ತಕಗಳಿಗೆ ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಹಾಕಬೇಕು. ಕೈಯಲ್ಲಿ ಸರ್ವೆ ನಂಬರು ಇಲ್ಲದೆ ಹೋದರೆ ಯಾರೂ ಏನೂ ಮಾಡಲಾರರು. ನಮ್ಮ ಕಾಕಾನ ಹೊಲದ ನಂಬರು ಗೊತ್ತಿತ್ತು; ಹೊಳೆದಂಡೆಯ ಹೊಲದ ನಂಬರನ್ನು ಗ್ರಾಮ ನಕಾಶೆಯಲ್ಲಿ ಬೆರಳಿಟ್ಟು ಗುರುತಿಸಿಕೊಂಡೆ. ಅನಂತರ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತ ಹೋದೆ.

ಈ ಮೆಟ್ಟಿಲುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದ ತರುಣರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಹೈದರಾಬಾದ್ ರಾಜ್ಯದ ದಾಖಲೆ ಪದ್ಧತಿಯೇ ನಡೆದಿತ್ತು. ಆ ಪದ್ಧತಿಯಲ್ಲಿ ನಮಗೆ ಅತ್ಯಂತ ಮುಖ್ಯವಾದದ್ದು 1954-55ರ ಖಾಸ್ರಾ ಪಹಣಿ. ಯಾವ ಸರ್ವೆ ನಂಬರಿನ ಪಟ್ಟೇದಾರ ಯಾರು, ಪ್ರತ್ಯಕ್ಷವಾಗಿ ಉಳುತ್ತಿರುವವನು ಯಾರು ಎಂಬ ಎರಡನ್ನೂ ಅದರಲ್ಲಿ ಬೇರೆ ಬೇರೆಯಾಗಿ ಬರೆದಿದ್ದಾರೆ. ಅದಕ್ಕಿಂತ ಹಿಂದೆ ಹೋದರೆ ಸೇತವಾರ ಎಂಬ ದಾಖಲೆ ಸಿಗುತ್ತದೆ. 1870ರ ದಶಕದಲ್ಲಿ ಮುಂಬೈ ಪ್ರಾಂತದ ಮಾದರಿಯಲ್ಲಿ ನಿಜಾಮ್ ಸಂಸ್ಥಾನದಲ್ಲಿ ಭೂಮಾಪನ ಆರಂಭವಾಯಿತು. ಅಳತೆ ಮಾಡಿ ಕಂದಾಯ ನಿಗದಿಪಡಿಸಿದಾಗ ಸರ್ವೆ ನಂಬರು, ವಿಸ್ತೀರ್ಣ, ಆಕಾರ, ಪಟ್ಟೇದಾರನ ಹೆಸರು ಇವುಗಳನ್ನು ಬರೆದಿಟ್ಟ ಪುಸ್ತಕವೇ ಸೇತವಾರ. ಜಾಗೀರು ಹಳ್ಳಿಗಳ ಮಾತು ಬೇರೆ. ಅಲ್ಲಿ ಕಾಗದಪತ್ರಗಳು ಜಾಗೀರುದಾರರ ಕಚೇರಿಯಲ್ಲಿದ್ದವು. 1949ರಲ್ಲಿ ಜಾಗೀರುಗಳು ರದ್ದಾದ ಮೇಲಷ್ಟೇ ಆ ಹಳ್ಳಿಗಳು ನೇರವಾಗಿ ಸರ್ಕಾರದ ಆಡಳಿತಕ್ಕೆ ಬಂದವು. ನಮ್ಮ ಊರು ದಿವಾನಿ ಹಳ್ಳಿಯಾಗಿದ್ದುದು ನನ್ನ ಪುಣ್ಯ.

ಇನ್ನೊಂದು ತೊಡಕು ಕಾಲಗಣನೆಯದು. ನಿಜಾಮ್ ಸಂಸ್ಥಾನದ ಕಾಗದಗಳಲ್ಲಿ ಕ್ರಿಸ್ತಶಕವಿಲ್ಲ, ಫಸಲಿ ವರ್ಷವಿದೆ. ವರ್ಷವು ಅಕ್ಟೋಬರ್ ತಿಂಗಳಲ್ಲಿ ಆಜುರ್ ಮಾಸದಿಂದ ಪ್ರಾರಂಭವಾಗಿ ಆಬಾನ್ ಮಾಸಕ್ಕೆ ಮುಗಿಯುತ್ತಿತ್ತು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ವರ್ಷಾರಂಭದ ಇಸವಿ, 591 ಕೂಡಿಸಿದರೆ ಜನವರಿಯಿಂದ ಈಚಿನ ಇಸವಿ ಬರುತ್ತದೆ. ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರ್ ತಿಂಗಳು 1357ನೆಯ ಫಸಲಿಯ ಕೊನೆಯ ಭಾಗ. ಈ ಒಂದು ಲೆಕ್ಕವನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಭಾಷೆಯದು. ಸಂಸ್ಥಾನದ ಆಡಳಿತ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಕನ್ನಡದ ಹೆಸರುಗಳು ಆ ಲಿಪಿಯಲ್ಲಿ ವೇಷ ಬದಲಿಸಿಕೊಂಡಿವೆ. ಅಲ್ಲಿ 'ಳ'ಕಾರವಿಲ್ಲ, 'ಣ'ಕಾರವಿಲ್ಲ, ಹ್ರಸ್ವ ಸ್ವರಗಳನ್ನು ಬರೆಯುವ ರೂಢಿಯಿಲ್ಲ. ನಮ್ಮ ಸೇಡಂ ಇಂಗ್ಲಿಷ್ ಕಾಗದಗಳಲ್ಲಿ ಬಹುಕಾಲ 'ಸೇರಂ' ಆಗಿದ್ದುದು ಎಷ್ಟೋ ಜನರಿಗೆ ಗೊತ್ತಿದೆ. ಊರಿನ ಹೆಸರಿಗೇ ಈ ಗತಿಯಾದರೆ ನಮ್ಮ ಹಿರಿಯರ ಹೆಸರುಗಳ ಪಾಡೇನು!

ಇಷ್ಟೆಲ್ಲ ಓಡಾಟದ ನಡುವೆ ಸುಗ್ಗಿಯ ಕಾಲಕ್ಕೆ ಊರಿಗೆ ಹೆಳವರು ಬಂದರು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಒಕ್ಕಲು ಮನೆಗಳ ಮುಂದೆ ವಂಶಾವಳಿ ಹೇಳಿ ಕಾಳುಕಡಿ ಪಡೆಯುವುದು ಉತ್ತರ ಕರ್ನಾಟಕದ ಈ ಸಮುದಾಯದ ಕುಲವೃತ್ತಿ. ಚಿಕ್ಕಂದಿನಲ್ಲಿ ಅವರು ಬಂದರೆ ನಾವು ಎತ್ತನ್ನು ನೋಡಲು ಓಡುತ್ತಿದ್ದೆವೇ ಹೊರತು ಅವರ ಮಾತಿಗೆ ಕಿವಿಗೊಟ್ಟವರಲ್ಲ. ಈ ಸಲ ಚಾಪೆ ಹಾಸಿ ಕೂರಿಸಿ, ಪುಸ್ತಕ ತೆರೆಸಿ ಕೇಳಿದೆ. ಮುತ್ಯಾನ ತಂದೆಯ ಹೆಸರು, ಅವನ ತಂದೆಯ ಹೆಸರು, ಮೂಲದಲ್ಲಿ ಯಾವ ಊರಿನಿಂದ ಬಂದವರು ಎಂಬುದನ್ನೆಲ್ಲ ಆತ ಒಂದೇ ಉಸಿರಿನಲ್ಲಿ ಹೇಳಿದ. ನನ್ನ ಖಾಲಿ ಹಾಳೆ ಅರ್ಧ ಗಂಟೆಯಲ್ಲಿ ತುಂಬಿತು. ಮುತ್ಯಾನಿಗೆ ಒಬ್ಬ ಅಣ್ಣನಿದ್ದನೆಂಬುದು ನಮಗೆ ಮಸುಕಾಗಿ ತಿಳಿದಿತ್ತು. ಹೆಳವರ ಪುಸ್ತಕದಲ್ಲಿ ಅವನ ಹೆಸರೂ ಇತ್ತು. ಅದರ ಮುಂದೆ 'ಗಂಡು ಸಂತಾನವಿಲ್ಲ' ಎಂದಿತ್ತು. ಅಲ್ಲಿಗೆ ಆ ಕವಲು ನಿಂತಿತ್ತು.

ಕಚೇರಿಯಿಂದ ಕೊನೆಗೂ ಸೇತವಾರದ ಪುಟದ ನಕಲು ಬಂದಿತು. ಬಸ್ತೆಯೊಳಗಿನ ಕಾಗದದ ಅಂಚುಗಳನ್ನು ಗೆದ್ದಲು ತಿಂದಿತ್ತು, ಪುಣ್ಯಕ್ಕೆ ನಮ್ಮ ಸಾಲು ಉಳಿದಿತ್ತು. ಅದನ್ನು ತೆಗೆದುಕೊಂಡು ಚಿತ್ತಾಪುರದಲ್ಲಿರುವ ನನ್ನ ಹಳೆಯ ಗೆಳೆಯರೊಬ್ಬರ ಮನೆಗೆ ಹೋದೆ. ಅವರು ಉರ್ದು ಮಾಧ್ಯಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ನಾವಿಬ್ಬರೂ ಎಷ್ಟೋ ವರ್ಷ ಗುಲಬರ್ಗಾಕ್ಕೆ ಒಟ್ಟಿಗೆ ಹೋಗಿದ್ದೇವೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ಆ ಸಾಲನ್ನೇ ನೋಡಿದರು.

"ಮಾಸ್ತರ್ರೆ, ಇದು ನಿಮ್ಮ ಮುತ್ಯಾನ ಹೆಸರಲ್ಲ ಬಿಡ್ರಿ. ಹೆಣ್ಮಗಳ ಹೆಸರದ."

"ಸರಿಯಾಗಿ ನೋಡ್ರಿ ಸಾಹೇಬ್ರೆ, ಹೆಂಗ ಸಾಧ್ಯ?"

"ಮುಸಮ್ಮಾತ್ ಅಂತ ಬರದಾರ, ಮುಂದ ಬೇವಾ ಅಂತ ಅದ. ಬೇವಾ ಅಂದ್ರ ಗಂಡ ಸತ್ತಾಕಿ. ಗಂಡನ ಹೆಸರು ಇಲ್ಲದ ನೋಡ್ರಿ" ಎಂದು ಓದಿ ಹೇಳಿದರು. ಅದು ಹೆಳವರ ಪುಸ್ತಕದಲ್ಲಿ ಕಂಡ, ಮುತ್ಯಾನ ಅಣ್ಣನ ಹೆಸರು.

ಹೊಳೆದಂಡೆಯ ಹದಿನೆಂಟು ಎಕರೆ ಮುತ್ಯಾನದಾಗಿರಲೇ ಇಲ್ಲ. ಅಣ್ಣತಮ್ಮಂದಿರು ಬೇರೆಯಾಗಿದ್ದರು. ಕೂಡು ಕುಟುಂಬವಾಗಿದ್ದರೆ ಅಂದಿನ ಹಿಂದೂ ಧರ್ಮಶಾಸ್ತ್ರದ ಪ್ರಕಾರ ಗಂಡುಮಕ್ಕಳಿಲ್ಲದ ಅಣ್ಣನ ಪಾಲು ತಮ್ಮನಿಗೇ ಉಳಿಯುತ್ತಿತ್ತು, ವಿಧವೆಗೆ ಜೀವನಾಂಶ ಮಾತ್ರ. ಪಟ್ಟಾ ಅವಳ ಹೆಸರಿನಲ್ಲಿದೆ ಎಂದರೆ ಪಾಲು ಆಗಿತ್ತು ಎಂದೇ ಅರ್ಥ. ನಮ್ಮ ಮನೆಯಲ್ಲಿ ಇಂಥ ಒಬ್ಬ ಹೆಣ್ಣುಮಗಳು ಇದ್ದಳೆಂದು ನಾನು ಕೇಳಿಯೇ ಇರಲಿಲ್ಲ. ಅಪ್ಪನಿಗೆ ದೊಡ್ಡವ್ವನಾಗಬೇಕಾದವಳು. ಅಪ್ಪನ ಬಾಯಿಂದ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಮುಂದಿನ ಕಾಗದ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕದಲ್ಲಿ ದೊರೆಯಿತು. 1345 ಫಸಲಿಯ ಖುರ್ದಾದ್ ಮಾಸದ ಬೈನಾಮಾ, ಅಂದರೆ ಕ್ರಯಪತ್ರ. ನಮ್ಮ ಲೆಕ್ಕಕ್ಕೆ 1936ರ ಬೇಸಿಗೆ. ಆ ದೊಡ್ಡವ್ವ ಖಾಸಗಿ ಸಾಲ ತೀರಿಸುವುದಕ್ಕೂ ಮಗಳ ಮದುವೆಯ ಖರ್ಚಿಗೂ ಹೊಲವನ್ನು ಪಟವಾರಿಗೆ ಮಾರಿದ್ದಾಳೆ. ಬೆಲೆಯನ್ನು ಕಲ್ದಾರ್ ರೂಪಾಯಿಯಲ್ಲಲ್ಲ, ನಿಜಾಮನ ಹಾಲಿ ಸಿಕ್ಕಾದಲ್ಲಿ ಬರೆದಿದೆ. ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕ ಅಂದು ನಡೆಯುತ್ತಿತ್ತು. ಪತ್ರದ ಕೆಳಗೆ ಗವಾಹಿದಾರರ, ಅಂದರೆ ಸಾಕ್ಷಿದಾರರ ಹೆಸರುಗಳಿವೆ. ಮೊದಲನೆಯ ಹೆಸರು ನಮ್ಮ ಮುತ್ಯಾನದು. ಹೆಸರಿನ ಮುಂದೆ 'ನಿಶಾನ್ ಅಂಗೂಠಾ' ಎಂಬ ಬರಹ. ಹೆಬ್ಬೆಟ್ಟಿನ ಗುರುತು.

ಅಂದಿನ ಕಾನೂನಿನಂತೆ ವಿಧವೆಗೆ ಗಂಡನ ಆಸ್ತಿಯಲ್ಲಿ ಇದ್ದುದು ಸೀಮಿತ ಹಕ್ಕು. ಸಾಲ, ಮಗಳ ಮದುವೆಯಂಥ ಕಾರಣಗಳಿಲ್ಲದೆ ಅವಳು ಮಾರುವಂತಿರಲಿಲ್ಲ. ಅದಕ್ಕೇ ಪತ್ರದಲ್ಲಿ ಕಾರಣ ಬರೆಯುತ್ತಿದ್ದರು, ಗಂಡನ ಕಡೆಯ ಹತ್ತಿರದ ಬಂಧುವಿನ ಸಾಕ್ಷಿಯನ್ನೂ ಹಾಕಿಸುತ್ತಿದ್ದರು. ಹಿಂದೂ ವಿಧವೆಗೆ ತನ್ನ ಆಸ್ತಿಯಲ್ಲಿ ಪೂರ್ಣ ಹಕ್ಕು ಬಂದದ್ದು 1956ರ ಉತ್ತರಾಧಿಕಾರ ಕಾಯ್ದೆಯಿಂದ. ಕಾಲವೂ ಕೆಟ್ಟದಾಗಿತ್ತು. 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ಬಿದ್ದುಹೋಗಿ, ಕಂದಾಯ ಮಾತ್ರ ಇದ್ದಂತೆಯೇ ಇದ್ದು, ದೇಶದ ತುಂಬ ಸಣ್ಣ ಹಿಡುವಳಿದಾರರ ಹೊಲಗಳು ಸಾಲಕ್ಕೆ ಹೋದವು. ನ್ಯೂಯಾರ್ಕಿನಲ್ಲಿ ಷೇರುಪೇಟೆ ಮುರಿದುಬಿದ್ದುದನ್ನು ನಾನು ಹತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಅದರ ಅಲೆ ಕಾಗಿಣಾ ದಂಡೆಯ ಒಬ್ಬ ವಿಧವೆಯ ಹೊಲದವರೆಗೆ ಬಂದಿರಬಹುದೆಂದು ಎಂದೂ ಯೋಚಿಸಿರಲಿಲ್ಲ.

ಅಲ್ಲಿಗೆ ಮುತ್ಯಾನಿಗೆ ತಿಳಿಯದಂತೆ ಹೊಲ ಹೋಯಿತೆಂಬ ಕಥೆ ನಿಲ್ಲಲಿಲ್ಲ. ಆದರೆ ಕಾಗದ ಹೇಳುವುದಕ್ಕೂ ಒಂದು ಮಿತಿಯಿದೆ. 'ಪೂರ್ತಿ ಹಣ ಮುಟ್ಟಿತು' ಎಂದು ಬರೆದಿದ್ದಾರೆ. ಮುಟ್ಟಿತೋ ಇಲ್ಲವೋ ಕಾಗದಕ್ಕೆ ಗೊತ್ತಿಲ್ಲ. ಓದಲು ಬಾರದ ಮುತ್ಯಾನಿಗೆ ಆ ಪತ್ರವನ್ನು ಯಾರು, ಹೇಗೆ ಓದಿ ಹೇಳಿದರೋ ತಿಳಿಯದು. ಬರೆಯುವ ಕೈಯೇ ಕೊಳ್ಳುವ ಕೈಯೂ ಆಗಿದ್ದಾಗ ಬೆಲೆ ನ್ಯಾಯವಾಗಿತ್ತೆಂದು ಪ್ರಮಾಣ ಮಾಡಲು ನಾನು ಸಿದ್ಧನಿಲ್ಲ. ವಂಶಪಾರಂಪರ್ಯದ ಪಟವಾರಿಕೆಗೆ ಊರ ಮೇಲಿದ್ದ ಹಿಡಿತ ಸಣ್ಣದಲ್ಲ; ಅದು ತಪ್ಪಿದ್ದು 1963ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯ್ದೆ ಜಾರಿಯಾದಾಗ. ನಾನು ಹೇಳಬಹುದಾದದ್ದು ಇಷ್ಟೇ: ಹೊಲ ನಮ್ಮದಾಗಿರಲಿಲ್ಲ, ಮಾರಿದ್ದು ಅದರ ಒಡತಿ, ಮುತ್ಯಾ ಅಲ್ಲಿ ಹಾಜರಿದ್ದ.

1954-55ರ ಖಾಸ್ರಾ ಪಹಣಿಯಲ್ಲಿ ಇನ್ನೊಂದು ಸಂಗತಿ ಕಾದಿತ್ತು. ಪಟ್ಟೇದಾರನ ಅಂಕಣದಲ್ಲಿ ಪಟವಾರಿ ಮನೆಯವರ ಹೆಸರು, ಉಳುವವನ ಅಂಕಣದಲ್ಲಿ ಊರಿನ ಬೇರೊಂದು ಕುಟುಂಬದ ಹೆಸರು. ಕರ್ನಾಟಕದ ಭೂಸುಧಾರಣೆಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿಯ ಮೂಲಕ ಸಿಕ್ಕವು. ಈ ಹೊಲವೂ ಹಾಗೆಯೇ ಆ ಉಳುವವನ ಮಕ್ಕಳಿಗೆ ಸಿಕ್ಕಿತು. ಇಂದಿನ ಪಹಣಿಯಲ್ಲಿ ಅವನ ಮೊಮ್ಮಕ್ಕಳ ಹೆಸರಿದೆ. ನಾವೂ ಪಟವಾರಿ ಮನೆಯವರೂ ಅರ್ಧ ಶತಮಾನದಿಂದ ಇಬ್ಬರದೂ ಅಲ್ಲದ ಹೊಲದ ಸಲುವಾಗಿ ಮಾತು ಬಿಟ್ಟುಕೊಂಡಿದ್ದೆವು. ಆ ಹೊಲದಲ್ಲಿ ಬೆವರು ಸುರಿಸಿದ ಮನೆತನದ ಹೆಸರು ಅಪ್ಪನ ಕಥೆಯಲ್ಲಿ ಎಂದೂ ಬಂದದ್ದೇ ಇಲ್ಲ.

ಹೊಲವಿದ್ದವರ ಕಥೆ ಇದು. ಹೊಲವೇ ಇಲ್ಲದವರ ಗತಿ ಏನು ಎಂಬ ಪ್ರಶ್ನೆ ಆಗ ನನ್ನನ್ನು ಕಾಡತೊಡಗಿತು. ಶಹಾಬಾದಿನ ಹಾಸುಗಲ್ಲು ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲದಲ್ಲಿದೆ. ಆ ಕಲ್ಲು ಒಡೆದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ವಾಡಿ ಬೆಳೆದದ್ದೇ ರೈಲಿನಿಂದ. ಮುಂಬೈ-ಮದ್ರಾಸ್ ಮಾರ್ಗದಿಂದ ಹೈದರಾಬಾದಿನ ಕಡೆಗೆ ಕವಲೊಡೆಯುವ ನಿಜಾಮನ ರೈಲು 1874ರಲ್ಲಿ ಅಲ್ಲಿಂದಲೇ ಹೊರಟಿತು. ಆಮೇಲೆ 1968ರಲ್ಲಿ ಸಿಮೆಂಟ್ ಕಾರ್ಖಾನೆ ಬಂದಿತು. ಅಲ್ಲಿಗೆ ಕೂಲಿಗೆ ಬಂದವರ ಮೊಮ್ಮಕ್ಕಳು ತಮ್ಮ ಮೂಲ ಹುಡುಕಬೇಕಾದರೆ ರೈಲ್ವೆಯ ಸೇವಾ ಪುಸ್ತಕ, ಕಾರ್ಖಾನೆಯ ಹಾಜರಿ ಪಟ್ಟಿ, ಭವಿಷ್ಯನಿಧಿಯ ಚೀಟಿ ಇಂಥವನ್ನೇ ನಂಬಬೇಕು. ಚಿಂಚೋಳಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಎಷ್ಟೋ ಬಹುಕಾಲ ಕಂದಾಯ ಗ್ರಾಮಗಳಾಗಿಯೇ ಇರಲಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಮಂತ್ರಿಗಳಿಂದ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಲೆಮಾರುಗಳಿಂದ ಇದ್ದ ಮನೆಗೆ ಅಂದು ಮೊದಲ ಸಲ ಸರ್ಕಾರಿ ಕಾಗದ ಬಂದಿತು. ಅವರ ಹಿಂದಿನ ಇತಿಹಾಸ ಇರುವುದು ವಂಶಾವಳಿ ಹಾಡುವ ಢಾಡಿಗಳ ಬಾಯಲ್ಲಿ.

ದಾಖಲೆಗಳ ಮಾತು ಬಂದಾಗ ನನ್ನ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿಗೆ "ಯಾವಾಗ ಹುಟ್ಟಿದ್ದಮ್ಮಾ?" ಎಂದು ಕೇಳಿದರೆ "ಕಾಗಿಣಾಕ್ಕ ದೊಡ್ಡ ಹೊಳಿ ಬಂದಾಗ್ರಿ" ಎಂದೋ "ಕಾರ ಹುಣ್ಣಿಮಿ ಮರುದಿನರೀ" ಎಂದೋ ಹೇಳುತ್ತಿದ್ದಳು. ನಾವು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ ನೋಡಿ, ಆರು ವರ್ಷ ತುಂಬುವಂತೆ ಲೆಕ್ಕ ಹಾಕಿ, ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ನಮ್ಮ ಭಾಗದ ಒಂದು ತಲೆಮಾರಿನ ನೂರಾರು ಜನ ಒಂದೇ ದಿನ ಹುಟ್ಟಿದ್ದಾರೆ, ಒಂದೇ ದಿನ ನಿವೃತ್ತರಾಗುತ್ತಿದ್ದಾರೆ! ತಾಯಿ ಹೇಳಿದ್ದ ಹೊಳೆಯ ಸುಳಿವು ನಿಜವಾದ ದಾಖಲೆಯಾಗಿತ್ತು. ನಾನು ಅದನ್ನು ಬಿಟ್ಟು ಸುಳ್ಳನ್ನು ದುಂಡಗೆ ಬರೆದೆ. ಮುತ್ಯಾನ ಕಾಲದ ಪಟವಾರಿಯ ಬರವಣಿಗೆಯನ್ನು ಅನುಮಾನಿಸುವಾಗ ನನ್ನದೇ ಬರವಣಿಗೆ ನೆನಪಾಗಿ ಸುಮ್ಮನಾಗುತ್ತೇನೆ.

ಕಾಗದಗಳ ನಕಲು ಹಿಡಿದು ಒಂದು ಸಂಜೆ ಪಟವಾರಿ ಮನೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡ ಹಿರಿಯರು, ಪಟವಾರಿಯ ಮೊಮ್ಮಗ, ನನಗಿಂತ ಹತ್ತು ವರ್ಷ ದೊಡ್ಡವರು, ಕ್ಷಣಕಾಲ ಮಾತೇ ಆಡಲಿಲ್ಲ. ಆಮೇಲೆ "ಬರ್ರಿ ಮಾಸ್ತರ್ರೆ, ಒಳಗ ಬರ್ರಿ" ಎಂದು ಕರೆದು ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

"ನಮ್ಮ ಮನ್ಯಾಗ ಬ್ಯಾರೆ ಕಥಿ ಹೇಳ್ತಿದ್ರು, ಸಿಟ್ಟಿಗಿ ಬರಬ್ಯಾಡ್ರಿ" ಎಂದರು. "ನಿಮ್ಮ ಮುತ್ಯಾ ಅಣ್ಣನ ಹೆಂಡ್ತಿಗಿ ಊರಾಗ ಬಾಳೇ ಮಾಡಗೊಡಲಿಲ್ಲ, ಅದಕ್ಕ ಆಕಿ ಹೊಲ ಮಾರಿ ಮಗಳಿಗಿ ಕರಕೊಂಡು ತಾಂಡೂರಕ್ಕ ಹೋದಳು ಅಂತ ನಮ್ಮಾಯಿ ಹೇಳ್ತಿದ್ದಳು."

ಅವರ ಸೊಸೆ ತಂದಿಟ್ಟ ಚಹಾ ಆರಿಹೋಯಿತು. ಒಬ್ಬ ಪಟವಾರಿಯ ಅನ್ಯಾಯವನ್ನು ಪರೀಕ್ಷಿಸಲು ಹೊರಟವನು ನಮ್ಮ ಮನೆಯ ಅನ್ಯಾಯದ ಸುದ್ದಿ ಕೇಳಿ ಬಂದೆ. ಅದು ಅವರ ಮನೆಯ ಕಥೆ, ನಮ್ಮ ಕಥೆಯಷ್ಟೇ ಸುಳ್ಳಾಗಿರಬಹುದು ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ. ಆದರೆ ತಾಂಡೂರು ಎಂಬ ಹೆಸರು ಸಿಕ್ಕಿತ್ತು.

1956ಕ್ಕೆ ಮೊದಲು ಕೊಡಂಗಲ್ ಮತ್ತು ತಾಂಡೂರು ನಮ್ಮ ಗುಲಬರ್ಗಾ ಜಿಲ್ಲೆಯ ತಾಲೂಕುಗಳೇ. ಭಾಷಾವಾರು ಪುನರ್ವಿಂಗಡಣೆಯಲ್ಲಿ ಅವೆರಡೂ ಆಂಧ್ರಪ್ರದೇಶಕ್ಕೆ ಹೋದವು. ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿವೆ. ಸೇಡಮಿನಿಂದ ಅದೇ ನಿಜಾಮನ ರೈಲುಹಾದಿಯಲ್ಲಿ ಸ್ವಲ್ಪ ಹೊತ್ತಿನ ಪ್ರಯಾಣ. ನಮ್ಮ ಹಿರಿಯರಿಗೆ ಅದು ಹೆಣ್ಣು ಕೊಡುವ, ತರುವ ನೆರೆಯೂರಾಗಿತ್ತು. ನನ್ನ ಮಕ್ಕಳಿಗೆ ಅದು ಬೇರೆ ರಾಜ್ಯ. ಕ್ರಯಪತ್ರದಲ್ಲಿದ್ದ ಮಗಳ ಹೆಸರನ್ನೂ ಮನೆತನದ ಅಡ್ಡಹೆಸರನ್ನೂ ಹಿಡಿದು ಮೂರು ಸಲ ಹೋದ ಮೇಲೆ ಆ ಮನೆ ಸಿಕ್ಕಿತು.

ಆ ಮಗಳ ಸೊಸೆ, ಎಂಬತ್ತು ದಾಟಿದ ಮುದುಕಿ, ಕಟ್ಟೆಯ ಮೇಲೆ ಕುಳಿತಿದ್ದರು. ತೆಲುಗು ಬೆರೆತ ಕನ್ನಡದಲ್ಲಿ ಮಾತನಾಡಿದರು. ಅತ್ತೆಯ ತಾಯಿಯನ್ನು ಅವರು ಕಣ್ಣಾರೆ ಕಂಡಿರಲಿಲ್ಲ, ಅತ್ತೆಯಿಂದ ಕೇಳಿ ಬಲ್ಲರು. ಆಕೆ ಕೊನೆಯವರೆಗೂ ಮಗಳ ಮನೆಯಲ್ಲೇ ಇದ್ದಳಂತೆ. ತವರಿನಂತೆ ಸೇಡಂ ಕಡೆಯ ಹೆಸರೆತ್ತುತ್ತಿದ್ದಳಂತೆ, ಆದರೆ ಮತ್ತೊಮ್ಮೆ ಆ ಕಡೆ ಹೋಗಲಿಲ್ಲವಂತೆ. "ಅಲ್ಲಿಂದ ಯಾರನ್ನಾ ಬರ್ತಾರ ಅಂತ ನಮ್ಮತ್ತಿ ಭಾಳ ದಿನ ಅಂತಿದ್ದಳು" ಎಂದು ಆ ಅವ್ವ ನನ್ನ ಮುಖ ನೋಡಿದರು. ಏನು ಹೇಳಬೇಕೋ ತಿಳಿಯದೆ ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದೆ.

ಮುತ್ಯಾ ತನ್ನ ಮಕ್ಕಳಿಗೆ ಪಟವಾರಿಯ ಕಥೆಯನ್ನು ಏಕೆ ಹೇಳಿದ? ಅತ್ತಿಗೆಯ ಸಂಗತಿ ಹೇಳಲು ಬಾಯಿ ಬಾರದೆ ಅದರ ಜಾಗದಲ್ಲಿ ಈ ಕಥೆಯನ್ನು ಇಟ್ಟನೋ, ನಿಜವಾಗಿಯೂ ತನಗೆ ಮೋಸವಾಯಿತೆಂದು ನಂಬಿದ್ದನೋ, ಇದಕ್ಕೆ ಯಾವ ಬಸ್ತೆಯಲ್ಲೂ ಉತ್ತರವಿಲ್ಲ. ಸತ್ತವರ ಮೇಲೆ ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ ಮನೆಯ ಕಥೆ, ಹೆಳವರ ಪುಸ್ತಕ ಎರಡೂ ಬಿಟ್ಟುಬಿಟ್ಟಿದ್ದ ಒಬ್ಬ ಹೆಣ್ಣುಮಗಳ ಹೆಸರನ್ನು, ಕಂದಾಯ ವಸೂಲಿಗೆಂದು ಬರೆದ ಒಂದು ಉರ್ದು ಸಾಲು ನೂರು ವರ್ಷ ಕಾಪಾಡಿತು ಎಂಬುದಂತೂ ನಿಜ.

ಕಾಕಾನ ಪೌತಿ ಖಾತೆ ಮುಗಿಯಿತು. ಅದರ ವಂಶವೃಕ್ಷಕ್ಕೆ ಅವಳ ಹೆಸರು ಬೇಕಾಗಿರಲಿಲ್ಲ, ಆ ಅರ್ಜಿಯಲ್ಲಿ ಜಾಗವೂ ಇರಲಿಲ್ಲ. ನಾನು ಮನೆಗಾಗಿ ಇನ್ನೊಂದು ದೊಡ್ಡ ಹಾಳೆಯಲ್ಲಿ ಬರೆದೆ. ಅದರಲ್ಲಿ ಹೆಣ್ಣುಮಕ್ಕಳೆಲ್ಲ ಇದ್ದಾರೆ, ತಾಂಡೂರಿನ ಕವಲೂ ಇದೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಎರಡು ಮನೆಗಳಿಗೆ ಸೇರಿದ್ದು. ಹೋದ ಯುಗಾದಿಗೆ ತಾಂಡೂರಿನವರು ನಮ್ಮಲ್ಲಿಗೆ ಬಂದಿದ್ದರು. ಪಟವಾರಿ ಮನೆಯ ಹಿರಿಯರನ್ನೂ ಕರೆದಿದ್ದೆ, ಅವರು ಬಂದು ಬೇವು ತಿಂದು ಹೋದರು.

ಓದುಗ ಮಿತ್ರರಲ್ಲಿ ಒಂದು ವಿನಂತಿ. ಈಗ ಸರ್ಕಾರ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯ ಕೆಲಸ. ಆದರೆ ಚಿತ್ರವಾದ ಮಾತ್ರಕ್ಕೆ ಅಕ್ಷರ ತಿಳಿಯುವುದಿಲ್ಲ. ಆ ಶಿಕಸ್ತಾ ಬರಹವನ್ನು ಓದಬಲ್ಲ ನನ್ನ ಚಿತ್ತಾಪುರದ ಗೆಳೆಯರಂಥವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರು ಇರುವಾಗಲೇ ನಿಮ್ಮ ಹೊಲದ, ಮನೆಯ ಕಾಗದಗಳನ್ನು ಓದಿಸಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಅವರು ಹೊಳೆ ಬಂದ ವರ್ಷ ಎಂದು ಹೇಳಿದರೆ ಹಾಗೆಯೇ ಬರೆದುಕೊಳ್ಳಿ, ಜೂನ್ 1 ಎಂದು ತಿದ್ದಬೇಡಿ.